ಮನೆಯ ಗಣಕಕ್ಕೆ ಮರುಹುಟ್ಟು

2025ರ ಆಯುಧಪೂಜೆಯ ದಿನ ನಾನು ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಂಗಳದಲ್ಲಿದ್ದ ಸ್ಕೂಟರಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ನಡುಮನೆಯ ಮಣೆಯ ಮೇಲೆ ಭಾವನವರ ಸ್ಪ್ಯಾನರು, ಸುತ್ತಿಗೆಗಳು, ಅಕ್ಕನ ಹೊಲಿಗೆಯ ಕತ್ತರಿ, ಮಕ್ಕಳ ಪುಸ್ತಕಗಳು. ಇವುಗಳ ನಡುವೆ ಮನೆಯ ಲ್ಯಾಪ್‌ಟಾಪು. ಅದರ ಮುಚ್ಚಳಕ್ಕೆ ಅಕ್ಕ ಅರಿಶಿನ ಕುಂಕುಮವಿಟ್ಟು ಸೇವಂತಿಗೆ ಏರಿಸಿದ್ದಳು. ಮಂಗಳಾರತಿ ಮುಗಿದ ಮೇಲೆ ಭಾವನವರು ಅದರ ಕಡೆಗೆ ನೋಡಿ, "ಇದಕ್ಕೆ ಇದೇ ಕೊನೆಯ ಪೂಜೆ ಅಂತ ಕಾಣುತ್ತೆ, ಮೇಷ್ಟ್ರೆ" ಎಂದರು.

ವಿಷಯವಿಷ್ಟೆ. ಆ ಲ್ಯಾಪ್‌ಟಾಪನ್ನು ಕೊಂಡದ್ದು 2017ರಲ್ಲಿ. ಇಂಟೆಲ್ ಸಂಸ್ಕಾರಕದ ಏಳನೆಯ ಪೀಳಿಗೆಯದು. 8 ಜಿಬಿ ಸ್ಮೃತಿಯುಳ್ಳದ್ದು. ಯಂತ್ರದಲ್ಲಿ ಊನವೇನೂ ಇರಲಿಲ್ಲ. ಆದರೆ ಅದರೊಳಗಿದ್ದ ವಿಂಡೋಸ್ 10ಕ್ಕೆ ತಯಾರಕರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯಿಂದ ಈಚಿನ ಸಂಸ್ಕಾರಕವೂ ಇರಬೇಕೆಂಬುದು ನಿಯಮ. ಒಂದೇ ಒಂದು ಪೀಳಿಗೆಯ ಅಂತರದಲ್ಲಿ ಅಕ್ಕನ ಮನೆಯ ಗಣಕ ಪಂಕ್ತಿಯಿಂದ ಹೊರಗುಳಿದಿತ್ತು. ಒಂದು ವರ್ಷದ ಮಟ್ಟಿಗೆ ಭದ್ರತೆಯ ಪರಿಷ್ಕಾರಗಳನ್ನು ಮುಂದುವರಿಸಿಕೊಳ್ಳುವ ಏರ್ಪಾಡೇನೋ ಉಂಟು; ಆದರೆ ಆ ವರ್ಷ ಕಳೆದ ಮೇಲೆ ಪ್ರಶ್ನೆ ಮತ್ತೆ ಬಾಗಿಲು ತಟ್ಟುವುದೇ. ಅಂಗಡಿಯವರೊಬ್ಬರು, "ಇದನ್ನು ಹಾಕಿಬಿಡಿ ಸಾರ್, 55,000ಕ್ಕೆ ಒಳ್ಳೆಯದು ಬರುತ್ತೆ" ಎಂದು ಸಲಹೆಯಿತ್ತಿದ್ದರು.

55,000 ರೂಪಾಯಿ ಮನೆಯಲ್ಲಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಅದು ಮಗಳನ್ನು ಮುಂದಿನ ವರ್ಷ ಚಿತ್ರಕಲೆಯ ಕಾಲೇಜಿಗೆ ಸೇರಿಸಲೆಂದು ಅಕ್ಕ ತಿಂಗಳು ತಿಂಗಳೂ ಕೂಡಿಸಿಟ್ಟ ಹಣ. ಹುಡುಗಿ ಎರಡನೆಯ ಪಿಯುಸಿಯಲ್ಲಿದ್ದಾಳೆ. ಅವಳಿಗೆ ಗಣಕದಲ್ಲಿ ಚಿತ್ರ ಬರೆಯುವ ಹುಚ್ಚು. ತಮ್ಮ ಒಂಬತ್ತನೆಯ ತರಗತಿ. ಅವನಿಗೆ ಆಟದ ಹುಚ್ಚು. "ನನಗೆ ಗಣಕವೇ ಬೇಡ ಮಾಮ, ಕಾಗದದ ಮೇಲೇ ಬರೀತೀನಿ" ಎಂದು ಅವಳು ಮೆಲ್ಲಗೆ ಹೇಳಿದಾಗ ನನಗೆ ಸುಮ್ಮನಿರಲಾಗಲಿಲ್ಲ. "ಎರಡು ದಿನ ಆ ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಡಿ" ಎಂದೆ. ಕನ್ನಡ ಪಾಠ ಹೇಳುವವನಿಗೂ ಗಣಕಕ್ಕೂ ಏನು ನಂಟು ಎಂದು ಭಾವನವರು ಹುಬ್ಬೇರಿಸಿದರು. ನಂಟು ಇದೆ. ಕಳೆದ ಹತ್ತು ವರ್ಷಗಳಿಂದ ನನ್ನ ಪಾಠದ ಟಿಪ್ಪಣಿಗಳೆಲ್ಲ ಸಿದ್ಧವಾಗುತ್ತಿರುವುದು ಮುಕ್ತ ತಂತ್ರಾಂಶದಲ್ಲಿಯೆ.

ಇಂಥ ಸಂದಿಗ್ಧ ಅಕ್ಕನ ಮನೆಯೊಂದರದೇ ಅಲ್ಲ. ಹಲವು ಮನೆಗಳಲ್ಲಿ ಇಂದು ಗಟ್ಟಿಮುಟ್ಟಾದ ಹಳೆಯ ಗಣಕಗಳು ಅಟ್ಟ ಸೇರುವ ಹೊತ್ತಿಗಾಗಿ ಕಾದಿವೆ. ಆದುದರಿಂದ ಆ ಎರಡು ದಿನಗಳಲ್ಲಿ ನಾವು ವಿಚಾರಿಸಿದ್ದನ್ನೂ ಮಾಡಿದ್ದನ್ನೂ ವಾಚಕರ ಮುಂದಿಡುವುದು ಉಚಿತವೆನಿಸಿತು.

ಪಾರುಪತ್ತೇಗಾರ

ಕಾರ್ಯಾಚರಣ ವ್ಯವಸ್ಥೆ ಎಂಬ ಹೆಸರು ಕೇಳಿಯೇ ಕೆಲವರು ಹೆದರುವುದುಂಟು. ಅದನ್ನು ಛತ್ರದ ಪಾರುಪತ್ತೇಗಾರನೆಂದು ಭಾವಿಸಿದರೆ ಸಾಕು. ಬಂದವರಿಗೆ ಕೋಣೆ ತೋರಿಸುವುದು, ನೀರು ದೀಪಗಳನ್ನು ನೋಡಿಕೊಳ್ಳುವುದು, ಅಡುಗೆಯವರಿಗೆ ಸಾಮಾನು ಅಳೆದುಕೊಡುವುದು, ಕಳ್ಳರು ನುಗ್ಗದಂತೆ ಬಾಗಿಲು ಕಾಯುವುದು ಇವೆಲ್ಲ ಅವನ ಕೆಲಸ. ಗಣಕದಲ್ಲಿ ಬರೆಯುವ, ಚಿತ್ರಿಸುವ, ಆಡುವ ತಂತ್ರಾಂಶಗಳೆಲ್ಲ ಛತ್ರಕ್ಕೆ ಬಂದ ಅತಿಥಿಗಳು. ಪಾರುಪತ್ತೇಗಾರನ ಒಪ್ಪಿಗೆಯಿಲ್ಲದೆ ಒಬ್ಬರೂ ಒಳಗೆ ಕಾಲಿಡುವಂತಿಲ್ಲ. ಪಾರುಪತ್ತೇಗಾರ ನಿವೃತ್ತನಾದನೆಂದು ಛತ್ರವನ್ನೇ ಕೆಡವುವವರುಂಟೆ? ಇನ್ನೊಬ್ಬನನ್ನು ನೇಮಿಸಿಕೊಂಡರಾಯಿತು.

ಹೀಗೆ ನೇಮಿಸಿಕೊಳ್ಳಲು ಸಿಗುವವರಲ್ಲಿ ಸಂಬಳ ಕೇಳದ ಒಂದು ವರ್ಗವುಂಟು. ಅವೇ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು. ಇವುಗಳ ಕಥೆ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಆರಂಭವಾಗುತ್ತದೆ. ಅಲ್ಲಿಯ ಪ್ರಯೋಗಶಾಲೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬಾತ, ತಂತ್ರಾಂಶದ ಆಕರ ಸಂಕೇತವನ್ನು ಬಳಸುವವರಿಂದ ಮುಚ್ಚಿಡುವುದು ಅನ್ಯಾಯವೆಂದು ಬಗೆದು, 1983ರ ಸೆಪ್ಟೆಂಬರಿನಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಬೇಕಾದಂತೆ ಬಳಸುವ, ಅದರ ಒಳಗನ್ನು ಓದಿ ತಿದ್ದುವ, ಪ್ರತಿ ಮಾಡಿ ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಎಲ್ಲರಿಗೂ ಇರಬೇಕೆಂಬುದು ಅವರ ಪ್ರತಿಪಾದನೆ. ಎಂಟು ವರ್ಷಗಳ ಅನಂತರ, 1991ರ ಆಗಸ್ಟಿನಲ್ಲಿ, ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಪುಟ್ಟ ವ್ಯವಸ್ಥೆಯನ್ನು ಕಟ್ಟುತ್ತಿರುವುದಾಗಿ ಸಹೃದಯರಿಗೆ ತಿಳಿಸಿದ. ಅದು ಲಿನಕ್ಸ್ ಎಂಬ ತಿರುಳಾಯಿತು. ಇಂದು ಆಂಡ್ರಾಯ್ಡ್ ಫೋನುಗಳೊಳಗೂ, ಜಗತ್ತಿನ ಅತಿವೇಗದ 500 ಮಹಾಗಣಕಗಳೊಳಗೂ ಅದೇ ತಿರುಳು ದುಡಿಯುತ್ತಿದೆ. ಹವ್ಯಾಸದಿಂದ ಹುಟ್ಟಿದ್ದು ಹವ್ಯಾಸಿಗಳಿಗೆ ಒದಗದೆ ಹೋದೀತೆ?

"ಬಿಟ್ಟಿ ಕೊಡುವವರಿಗೆ ಏನು ಲಾಭ?" ಎಂದು ಭಾವನವರು ಕೇಳಿದರು. ಬ್ಯಾಂಕಿನಲ್ಲಿ ದುಡಿದವರು, ಕೇಳಲೇಬೇಕಾದ ಪ್ರಶ್ನೆ. ನಾನು ಅತ್ತಿಮಬ್ಬೆಯ ಮಾತೆತ್ತಿದೆ. ಹತ್ತನೆಯ ಶತಮಾನದ ಆ ಸಾಧ್ವಿ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳಷ್ಟೆ. ಪ್ರತಿ ಹೆಚ್ಚಿದಂತೆಲ್ಲ ಕಾವ್ಯ ಬದುಕಿತು. ಹೆಚ್ಚದವು ಗೆದ್ದಲ ಪಾಲಾದವು. ಶಾಸ್ತ್ರದಾನದ ಈ ತತ್ತ್ವವನ್ನೇ ಮುಕ್ತ ತಂತ್ರಾಂಶದವರೂ ಹಿಡಿದಿರುವುದು. ಜತೆಗೆ ದೊಡ್ಡ ದೊಡ್ಡ ಸಂಸ್ಥೆಗಳು ತಮ್ಮ ಕಾರ್ಯಕ್ಕೆ ಇದೇ ಲಿನಕ್ಸನ್ನು ನೆಚ್ಚಿರುವುದರಿಂದ, ಸಂಬಳ ಕೊಟ್ಟು ಜನರನ್ನಿರಿಸಿ ಇದನ್ನು ಬೆಳೆಸುತ್ತಿವೆ. ದಾನವೂ ಉಂಟು, ವ್ಯವಹಾರವೂ ಉಂಟು. ಭಾವನವರಿಗೆ ಎರಡನೆಯ ಮಾತು ಹೆಚ್ಚು ಹಿಡಿಸಿತು.

ಒಂದು ತಿರುಳು, ನೂರು ಮನೆತನ

ಹೊಸಬರನ್ನು ಕಂಗೆಡಿಸುವ ಸಂಗತಿಯೊಂದಿದೆ. ಲಿನಕ್ಸ್ ಎಂಬ ಹೆಸರಿನ ಒಂದೇ ವ್ಯವಸ್ಥೆ ಇಲ್ಲ. ತಿರುಳು ಒಂದೇ, ಅದರ ಸುತ್ತ ಬೇರೆಬೇರೆಯವರು ಬೇರೆಬೇರೆ ಸಾಮಗ್ರಿ ಕೂಡಿಸಿ ನೂರಾರು ಹಂಚಿಕೆಗಳನ್ನು ಹೊರತಂದಿದ್ದಾರೆ. ಇವುಗಳಲ್ಲಿ ವಂಶಾವಳಿಯೂ ಉಂಟು. 1993ರಲ್ಲಿ ಡೆಬಿಯನ್ ಹುಟ್ಟಿತು. ಅದರ ಬುನಾದಿಯ ಮೇಲೆ ದಕ್ಷಿಣ ಆಫ್ರಿಕದ ಉದ್ಯಮಿ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಉಬುಂಟುವನ್ನು ಕಟ್ಟಿಸಿದರು. ಉಬುಂಟುವಿನ ಬುನಾದಿಯ ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್ ಬಂದಿತು. ಇನ್ನೊಂದು ಶಾಖೆಯಲ್ಲಿ 2003ರ ಫೆಡೋರಾ, ಅದರಿಂದ 2023ರಲ್ಲಿ ಆಟಗಾರರಿಗಾಗಿಯೇ ಹೊರಟ ಬಜೈಟ್. ಮತ್ತೊಂದು ಶಾಖೆ ಆರ್ಚ್. ಅದು ಬಲ್ಲವರ ಪಾಲಿನದು, ಹೊಸಬರು ದೂರದಿಂದಲೇ ಕೈಮುಗಿಯುವುದು ಲೇಸು.

ಈ ಪಟ್ಟಿಯನ್ನು ನೋಡಿದವರು "ಯಾವುದು ಎಲ್ಲಕ್ಕಿಂತ ಶ್ರೇಷ್ಠ?" ಎಂದು ಕೇಳುತ್ತಾರೆ. ಪ್ರಶ್ನೆಯೇ ತಪ್ಪು. ಬಾಡಿಗೆಗೆ ಮನೆ ಹುಡುಕುವಾಗ ಊರಿನ ಅತ್ಯುತ್ತಮ ಮನೆ ಯಾವುದೆಂದು ನಾವು ಕೇಳುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೆಯೆ, ಮಕ್ಕಳ ಶಾಲೆ ಹತ್ತಿರವೆ, ಮುದುಕರಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲವಷ್ಟೆ ಎಂದು ವಿಚಾರಿಸುತ್ತೇವೆ. ಗಣಕದ ವಿಷಯದಲ್ಲಿಯೂ ಹಾಗೆಯೇ. ಮನೆಯವರು ಏನೇನು ಮಾಡುತ್ತಾರೆಂಬುದನ್ನು ಮೊದಲು ಬರೆದುಕೊಳ್ಳಬೇಕು. ವ್ಯವಸ್ಥೆಯ ಆಯ್ಕೆ ಅನಂತರದ್ದು. ನಾನು ಒಂದು ಹಾಳೆ ತೆಗೆದು ಅಕ್ಕನ ಮನೆಯ ನಾಲ್ವರನ್ನೂ ಸುತ್ತ ಕೂರಿಸಿಕೊಂಡೆ. ಭಾವನವರದು ಬ್ಯಾಂಕಿನ ವ್ಯವಹಾರ, ಪತ್ರಿಕೆ, ಪತ್ರವ್ಯವಹಾರ. ಅಕ್ಕನದು ದೇವರನಾಮಗಳನ್ನು ಹಾಡಿ ಧ್ವನಿಮುದ್ರಿಸಿ ತಂಗಿಯರಿಗೆ ಕಳುಹಿಸುವುದು. ಮಗಳದು ಚಿತ್ರ. ಮಗನದು ಆಟ. ಮೊದಲ ಮೂವರ ವಿಷಯದಲ್ಲಿ ತೊಡಕಿರಲಿಲ್ಲ. ತೊಡಕಿದ್ದುದು ನಾಲ್ಕನೆಯವನಲ್ಲಿ.

ಆಟದ ಮಾತು

ಹಿಂದೆ ಲಿನಕ್ಸ್ ಎಂದರೆ ಆಟವಿಲ್ಲದ ಊರು ಎಂಬ ಅಪಖ್ಯಾತಿಯಿತ್ತು. ಅದು ಸುಳ್ಳೂ ಆಗಿರಲಿಲ್ಲ. ಗಣಕದ ಆಟಗಳಲ್ಲಿ ಬಹುಪಾಲು ವಿಂಡೋಸ್‌ಗಾಗಿ ರಚಿತವಾದವು. ಆಟವು ಚಿತ್ರ ಬರೆ, ಸದ್ದು ಮಾಡು ಎಂದು ಪಾರುಪತ್ತೇಗಾರನಿಗೆ ಆಜ್ಞೆ ಮಾಡುವುದು ಆ ವ್ಯವಸ್ಥೆಯ ಭಾಷೆಯಲ್ಲಿ. ಲಿನಕ್ಸ್‌ಗೆ ಆ ಭಾಷೆ ತಿಳಿಯದು. ನಡುವೆ ನಿಂತು ಮಾತನ್ನು ತಿರುಗಿಸಿ ಹೇಳುವ ದುಭಾಷಿಯೊಂದನ್ನು ಕಟ್ಟುವ ಕೆಲಸ 1993ರಲ್ಲಿಯೇ ಆರಂಭವಾಯಿತು. ಅದರ ಹೆಸರು ವೈನ್. 2018ರ ಆಗಸ್ಟಿನಲ್ಲಿ ಸ್ಟೀಮ್ ಎಂಬ ಆಟದಂಗಡಿಯ ಒಡೆತನದ ವಾಲ್ವ್ ಸಂಸ್ಥೆ ಈ ವೈನನ್ನು ಪಳಗಿಸಿ, ಡೈರೆಕ್ಟ್ಎಕ್ಸ್ ಎಂಬ ಚಿತ್ರಭಾಷೆಯನ್ನು ವಲ್ಕನ್ ಎಂಬ ಇನ್ನೊಂದಕ್ಕೆ ತಿರುಗಿಸುವ ಭಾಗವನ್ನೂ ಕೂಡಿಸಿ, ಪ್ರೋಟಾನ್ ಎಂಬ ಹೆಸರಿನಿಂದ ತನ್ನ ಅಂಗಡಿಯೊಳಗೇ ಇರಿಸಿತು. 2022ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ ಹೊರತಂದ ಸ್ಟೀಮ್ ಡೆಕ್ ಎಂಬ ಅಂಗೈಯ ಆಟದಯಂತ್ರದಲ್ಲಿ ಓಡುವುದು ಲಿನಕ್ಸೇ. ಅಲ್ಲಿಂದೀಚೆಗೆ ಪರಿಸ್ಥಿತಿ ಬದಲಾಗಿದೆ. ಒಬ್ಬೊಬ್ಬರೇ ಕುಳಿತು ಆಡುವ ಆಟಗಳಲ್ಲಿ ಹೆಚ್ಚಿನವು ಇಂದು ಗುಂಡಿ ಒತ್ತಿದರೆ ಓಡುತ್ತವೆ. 'ಡೋಟಾ 2', 'ಕೌಂಟರ್‌ಸ್ಟ್ರೈಕ್ 2', 'ಸ್ಟಾರ್ಡ್ಯೂ ವ್ಯಾಲಿ', 'ಮೈನ್‌ಕ್ರಾಫ್ಟ್'ನ ಜಾವಾ ಆವೃತ್ತಿ, ಇವಕ್ಕೆ ದುಭಾಷಿಯ ಅಗತ್ಯವೇ ಇಲ್ಲ, ಲಿನಕ್ಸ್‌ಗೆಂದೇ ಪ್ರತಿಗಳಿವೆ.

ಆದರೆ ಮರೆಮಾಚಬಾರದ ಮಾತೊಂದಿದೆ. ಜಾಲದ ಮೇಲೆ ಅನೇಕರು ಕೂಡಿ ಆಡುವ ಪಂದ್ಯಗಳಲ್ಲಿ ಮೋಸಗಾರರನ್ನು ಹಿಡಿಯಲು ಕಾವಲು ತಂತ್ರಾಂಶಗಳಿರುತ್ತವೆ. ಕೆಲವು ಕಾವಲುಗಳು ವಿಂಡೋಸ್‌ನ ಒಳತಿರುಳಿಗೇ ಇಳಿದು ಕೂರುತ್ತವೆ. ಅಂಥ ಆಟಗಳನ್ನು ಯಾವ ದುಭಾಷಿಯೂ ಲಿನಕ್ಸ್‌ಗೆ ತರಲಾರ. 'ವ್ಯಾಲರಂಟ್', 'ಫೋರ್ಟ್‌ನೈಟ್' ಈ ಗುಂಪಿನವು. 'ಏಪೆಕ್ಸ್ ಲೆಜೆಂಡ್ಸ್' ಮೊದಲು ಆಡಲು ಬರುತ್ತಿದ್ದುದು, 2024ರ ಕೊನೆಯಲ್ಲಿ ಅದರ ತಯಾರಕರೇ ಲಿನಕ್ಸ್‌ನವರಿಗೆ ಬಾಗಿಲು ಮುಚ್ಚಿದರು. ಆದುದರಿಂದ ಬದಲಾಯಿಸುವ ಮುನ್ನ ಮನೆಯ ಮಕ್ಕಳು ಆಡುವ ಆಟಗಳ ಹೆಸರನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳಬೇಕು. ಯಾವ ಆಟ ಎಷ್ಟರಮಟ್ಟಿಗೆ ಓಡುತ್ತದೆಂದು ಆಟಗಾರರೇ ಪರೀಕ್ಷಿಸಿ ದರ್ಜೆ ಕೊಟ್ಟಿರುವ ಪ್ರೋಟಾನ್‌ಡಿಬಿ ಎಂಬ ಪಟ್ಟಿಯಿದೆ. ಅದರಲ್ಲಿ ಹುಡುಕಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ನಮ್ಮ ಹುಡುಗನ ಪಟ್ಟಿಯಲ್ಲಿ ಮೊದಲ ಹೆಸರೇ 'ವ್ಯಾಲರಂಟ್'. ಸಂಜೆ ಏಳರ ಮೇಲೆ ಶಾಲೆಯ ಐವರು ಗೆಳೆಯರು ಕೂಡಿ ಆಡುವುದು ಅದನ್ನೇ. "ಅದು ಬರೋಲ್ಲಪ್ಪ" ಎಂದಾಗ ಅವನ ಮುಖ ಬಾಡಿತು. "ಹಾಗಾದ್ರೆ ನನಗೇನೂ ಬೇಡ" ಎಂದು ಎದ್ದುಹೋದ. ದೊಡ್ಡವರಿಗೆ ಇದು ಕ್ಷುಲ್ಲಕವೆನಿಸಬಹುದು. ಆದರೆ ಹದಿನಾಲ್ಕರ ಹುಡುಗನಿಗೆ ಆಟವೆಂದರೆ ಆಟವಷ್ಟೇ ಅಲ್ಲ, ಗೆಳೆಯರ ಕೂಟದಲ್ಲಿ ಒಂದು ಸ್ಥಾನ. ನಮ್ಮ ಕಾಲದಲ್ಲಿ ಸಂಜೆಯ ಕ್ರಿಕೆಟ್ಟಿಗೆ ಹೋಗಕೂಡದೆಂದಿದ್ದರೆ ನಾವು ಅಳುತ್ತಿರಲಿಲ್ಲವೆ? ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸದೆ ಎದುರಿಗೇ ಇಟ್ಟುಕೊಂಡು ಮುಂದುವರಿದೆವು.

ಕುಂಚವೂ ಕಂಠವೂ

ಸೃಜನಶೀಲ ಹವ್ಯಾಸಗಳ ಪಾಲಿಗೆ ಮಾತ್ರ ಮುಕ್ತ ತಂತ್ರಾಂಶದ ಭಂಡಾರ ಅಕ್ಷಯವಾದುದು. ಗೆರೆ ಬಣ್ಣಗಳ ಚಿತ್ರಕ್ಕೆ ಕ್ರೀಟಾ. ಬಗೆಬಗೆಯ ಕುಂಚಗಳು, ಕೈಯ ಒತ್ತಡಕ್ಕೆ ತಕ್ಕಂತೆ ದಪ್ಪವಾಗುವ ಗೆರೆ, ಚಲಚ್ಚಿತ್ರ ಬರೆಯುವ ಸೌಕರ್ಯ ಎಲ್ಲವೂ ಅದರಲ್ಲುಂಟು. ವ್ಯಾಕಂ ಮೊದಲಾದವರ ಚಿತ್ರಫಲಕಗಳನ್ನು ಲಿನಕ್ಸ್ ತಾನೇ ಗುರುತಿಸುತ್ತದೆ. ಛಾಯಾಚಿತ್ರ ತಿದ್ದಲು ಗಿಂಪ್; ಇದನ್ನು ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿ 1996ರಲ್ಲಿ ಹೊರತಂದರು, ಮೂರನೆಯ ಮಹಾ ಆವೃತ್ತಿ 2025ರ ಮಾರ್ಚಿನಲ್ಲಿ ಬಂದಿತು. ಭಿತ್ತಿಪತ್ರ, ಲಾಂಛನಗಳಿಗೆ ಇಂಕ್‌ಸ್ಕೇಪ್. ಚಲಚ್ಚಿತ್ರ ಜೋಡಿಸಲು ಕೆಡಿಎನ್‌ಲೈವ್. ಧ್ವನಿಮುದ್ರಣಕ್ಕೆ ಅಡಾಸಿಟಿ. ಆಟ ಆಡಿ ಬೇಸತ್ತು ಆಟ ಕಟ್ಟಬೇಕೆನ್ನುವವರಿಗೆ ಅರ್ಜೆಂಟೀನದಲ್ಲಿ ಹುಟ್ಟಿದ ಗೋಡೋ.

ಇವೆಲ್ಲಕ್ಕೂ ಕಿರೀಟಪ್ರಾಯವಾದುದು ಬ್ಲೆಂಡರ್. ಮೂರು ಆಯಾಮದ ಚಿತ್ರ ಕಟ್ಟುವ ಈ ತಂತ್ರಾಂಶವನ್ನು ನಡೆಸುತ್ತಿದ್ದ ನೆದರ್‌ಲೆಂಡ್ಸಿನ ಸಂಸ್ಥೆ 2002ರಲ್ಲಿ ಮುಚ್ಚಿಹೋಯಿತು. ಕರ್ತೃವಾದ ಟೋನ್ ರೋಸೆಂಡಾಲ್ ಸುಮ್ಮನಾಗಲಿಲ್ಲ. ಹೂಡಿಕೆದಾರರಿಂದ ಹಕ್ಕು ಬಿಡಿಸಿಕೊಳ್ಳಲು 1,00,000 ಯೂರೋ ಬೇಕೆಂದು ಜನರಲ್ಲಿ ಬೇಡಿದರು. ಏಳು ವಾರಗಳಲ್ಲಿ ಹಣ ಕೂಡಿಬಂದಿತು. 2002ರ ಅಕ್ಟೋಬರಿನಿಂದ ಬ್ಲೆಂಡರ್ ಎಲ್ಲರ ಸೊತ್ತು. ಗಿಂಟ್ಸ್ ಝಿಲ್ಬಾಲೋಡಿಸ್ ಎಂಬ ಲಾಟ್ವಿಯದ ತರುಣ ನಿರ್ದೇಶಕ ಇದರಲ್ಲಿಯೇ ನಿರ್ಮಿಸಿದ, ಮಾತೇ ಇಲ್ಲದ 'ಫ್ಲೋ' ಎಂಬ ಬೆಕ್ಕಿನ ಕಥೆ 2025ರ ಮಾರ್ಚಿನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಾಗಿ ಆಸ್ಕರ್ ಪಡೆಯಿತು. ಈ ವಿಷಯವನ್ನು ಹೇಳುತ್ತಿದ್ದಾಗ ಹುಡುಗಿ ಕೈಯಲ್ಲಿದ್ದ ಪೆನ್ಸಿಲನ್ನು ಕೆಳಗಿಟ್ಟು ಕೇಳುತ್ತಿದ್ದಳು. "ಅದೇ ಬ್ಲೆಂಡರ್ ನಮಗೂ ಬರುತ್ತಾ ಮಾಮ, ಬಿಟ್ಟಿಯಾಗಿ?" ಎಂದಳು. ಅದೇ ಬರುತ್ತದೆ, ಆದರೆ ಇಷ್ಟು ಹಳೆಯ ಯಂತ್ರದಲ್ಲಿ ದೊಡ್ಡ ದೃಶ್ಯಗಳು ತೆವಳುತ್ತವೆ. ಕಲಿಯುವುದಕ್ಕೆ ಅಡ್ಡಿಯಿಲ್ಲ.

ಒಂದು ಎಚ್ಚರಿಕೆ. ವೃತ್ತಿಗಾಗಿ ಫೋಟೋಶಾಪ್, ಪ್ರೀಮಿಯರ್ ಮುಂತಾದವನ್ನೇ ನೆಚ್ಚಿಕೊಂಡವರು ಅವಸರಪಡಬಾರದು. ಅಡೋಬಿ ಸಂಸ್ಥೆ ಅವನ್ನು ಲಿನಕ್ಸ್‌ಗಾಗಿ ತಯಾರಿಸುತ್ತಿಲ್ಲ. ಹೊಸದಾಗಿ ಕಲಿಯುವವರಿಗೆ ಈ ಬಂಧನವಿಲ್ಲ. ಇನ್ನೊಂದು ಅನುಕೂಲವೆಂದರೆ ಕ್ರೀಟಾ, ಗಿಂಪ್, ಬ್ಲೆಂಡರ್‌ಗಳೆಲ್ಲ ವಿಂಡೋಸಿನಲ್ಲೂ ಓಡುತ್ತವೆ. ಹಳೆಯ ವ್ಯವಸ್ಥೆಯಲ್ಲಿರುವಾಗಲೇ ಅವನ್ನು ತಂದುಕೊಂಡು ಒಂದು ತಿಂಗಳು ಕೈ ಪಳಗಿಸಿದರೆ, ಮುಂದೆ ಮನೆ ಬದಲಾಯಿಸಿದರೂ ಪಾತ್ರೆಪಡಗ ಹಳೆಯವೇ ಇದ್ದಂತಾಗುತ್ತದೆ.

ಯಾವುದನ್ನು ಆರಿಸಬೇಕು?

ಇಷ್ಟು ವಿಚಾರವಾದ ಮೇಲೆ ಆಯ್ಕೆ ಸುಲಭವಾಯಿತು. ಹೊಸಬರ ಮನೆಗೆ, ಎಲ್ಲರೂ ಬಳಸುವ ಸಾಧಾರಣ ಗಣಕಕ್ಕೆ ನನ್ನ ಮೊದಲ ಸೂಚನೆ ಲಿನಕ್ಸ್ ಮಿಂಟ್. ಅದರಲ್ಲೂ ಸಿನಮನ್ ಎಂಬ ಮುಖಪುಟವುಳ್ಳದ್ದು. ಕೆಳಗೆ ಎಡಮೂಲೆಯಲ್ಲಿ ಪಟ್ಟಿ, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸಿಗೆ ಒಗ್ಗಿದ ಕಣ್ಣಿಗೆ ಅದು ಅಪರಿಚಿತವೆನಿಸುವುದಿಲ್ಲ. 2 ಜಿಬಿ ಸ್ಮೃತಿಯಿದ್ದರೂ ನಡೆಯುತ್ತದೆ, 4 ಇದ್ದರೆ ನೆಮ್ಮದಿ. 22ನೆಯ ಸರಣಿಗೆ 2029ರವರೆಗೆ ಬೆಂಬಲವಿದೆ. ತಂತ್ರಾಂಶಗಳನ್ನು ತರಲು ಒಂದೇ ಅಂಗಡಿ, ಅದರಲ್ಲಿ ಬೆಲೆಚೀಟಿಯಿಲ್ಲ. ಎನ್‌ವಿಡಿಯದ ಚಿತ್ರಫಲಕವಿದ್ದರೆ ಅದಕ್ಕೆ ಬೇಕಾದ ಚಾಲಕವನ್ನು ತೋರಿಸಿಕೊಡುವ ಸಲಕರಣೆಯೂ ಇದೆ. ಎಎಂಡಿ, ಇಂಟೆಲ್‌ಗಳ ಚಾಲಕಗಳು ತಿರುಳಿನಲ್ಲಿಯೇ ಅಡಗಿವೆ.

ಮನೆಯ ಗಣಕ ಹೊಚ್ಚಹೊಸದಾಗಿದ್ದು, ಬಲಿಷ್ಠ ಚಿತ್ರಫಲಕವಿದ್ದು, ಆಟವೇ ಮುಖ್ಯವೆಂದಾದರೆ ಬಜೈಟ್ ಉತ್ತಮ. ಅದರಲ್ಲಿ ಸ್ಟೀಮ್ ಮೊದಲೇ ಸಿದ್ಧವಾಗಿರುತ್ತದೆ. ಒಳಗಿನ ವ್ಯವಸ್ಥೆಯನ್ನು ಬಳಕೆದಾರ ಅರಿಯದೆ ಕೆಡಿಸದಂತೆ ಬೀಗ ಹಾಕಿರುತ್ತಾರೆ. ಹೊಸ ಪರಿಷ್ಕಾರದಿಂದ ಏನಾದರೂ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಮಿಂಟ್ ಸ್ವಲ್ಪ ಹಳೆಯ, ನೆಲೆಗೊಂಡ ತಿರುಳನ್ನು ಬಳಸುವುದರಿಂದ ತೀರ ಈಚಿನ ಯಂತ್ರಾಂಶಗಳನ್ನು ಗುರುತಿಸಲು ಕೆಲವೊಮ್ಮೆ ತಡಮಾಡುವುದುಂಟು; ಅಲ್ಲಿ ಫೆಡೋರಾದ ಮನೆತನಕ್ಕೆ ಮೇಲುಗೈ. ಸಂಗೀತ, ಚಿತ್ರಗಳ ತಂತ್ರಾಂಶಗಳನ್ನೆಲ್ಲ ಮೊದಲೇ ತುಂಬಿಕೊಂಡು ಬರುವ ಉಬುಂಟು ಸ್ಟುಡಿಯೋ ಎಂಬುದೂ ಇದೆ. ಆದರೆ ಆ ತಂತ್ರಾಂಶಗಳು ಮಿಂಟಿನಲ್ಲಿಯೂ ಸಿಗುವುದರಿಂದ ಅದಕ್ಕಾಗಿಯೇ ಬೇರೆ ವ್ಯವಸ್ಥೆ ಬೇಕೆಂಬ ನಿರ್ಬಂಧವಿಲ್ಲ. ಮನೆಯ ಮಕ್ಕಳ ಪ್ರಾಣವೇ 'ವ್ಯಾಲರಂಟ್'ನಂಥ ಆಟದಲ್ಲಿದ್ದು, ಅದನ್ನು ಬಿಡಲಾಗದೆಂದಾದರೆ ವಿಂಡೋಸನ್ನೇ ಇಟ್ಟುಕೊಳ್ಳುವುದು ವಿವೇಕ. ಅದರಲ್ಲಿ ಸೋಲೇನೂ ಇಲ್ಲ.

ಕೈಯಿಡುವ ಮುನ್ನ

ಲಿನಕ್ಸಿನ ದೊಡ್ಡ ಉಪಕಾರವೆಂದರೆ ಸ್ಥಾಪಿಸದೆಯೇ ರುಚಿ ನೋಡಬಹುದು. 8 ಜಿಬಿಯ ಪೆನ್‌ಡ್ರೈವೊಂದು ಸಾಕು. ಮಿಂಟಿನ ಅಧಿಕೃತ ತಾಣದಿಂದ ಸುಮಾರು 3 ಜಿಬಿಯ ಕಡತವನ್ನು ಇಳಿಸಿಕೊಂಡು, ಎಚ್ಚರ್ ಅಥವಾ ರೂಫಸ್ ಎಂಬ ಸಲಕರಣೆಯಿಂದ ಅದನ್ನು ಪೆನ್‌ಡ್ರೈವಿಗೆ ಬರೆಯಬೇಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆಂಬುದು ನೆನಪಿರಲಿ. ಅನಂತರ ಗಣಕವನ್ನು ಆರಿಸಿ ಹೊತ್ತಿಸುವಾಗ ಎಫ್12 ಅಥವಾ ಆಯಾ ಯಂತ್ರಕ್ಕೆ ಗೊತ್ತುಮಾಡಿದ ಕೀಲಿಯನ್ನೊತ್ತಿ, ಪೆನ್‌ಡ್ರೈವಿನಿಂದ ಆರಂಭಿಸಬೇಕು. ಒಳಗಿನ ವಿಂಡೋಸಿಗೆ ಏನೂ ಆಗುವುದಿಲ್ಲ. ವೈಫೈ ಸಿಗುತ್ತದೆಯೆ, ಸದ್ದು ಬರುತ್ತದೆಯೆ, ಪ್ರಿಂಟರು ಮುದ್ರಿಸುತ್ತದೆಯೆ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುತ್ತದೆಯೆ ಎಂದು ಒಂದೊಂದಾಗಿ ನೋಡಬೇಕು. ಪೆನ್‌ಡ್ರೈವಿನಿಂದ ನಡೆಯುವಾಗ ವೇಗ ಕಡಮೆ. ಅದನ್ನು ನೋಡಿ ನಿರಾಶರಾಗಬೇಕಿಲ್ಲ.

ಸ್ಥಾಪಿಸುವಾಗ ಒಂದು ಪ್ರಶ್ನೆ ಬರುತ್ತದೆ: ಹಳೆಯದರ ಪಕ್ಕದಲ್ಲಿ ಇರಿಸಬೇಕೋ, ತಟ್ಟೆಯನ್ನೆಲ್ಲ ಅಳಿಸಿ ಸ್ಥಾಪಿಸಬೇಕೋ? ಈ ಪ್ರಶ್ನೆಗೆ ನಾನು ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಕೊಟ್ಟ ಉತ್ತರ ಇಂದಿಗೂ ನೆನಪಿದೆ. ಓದದೆ, ಅವಸರದಲ್ಲಿ, 'ಅಳಿಸು' ಎಂಬುದನ್ನು ಒತ್ತಿದೆ. ರಗಳೆಯ ಛಂದಸ್ಸಿನ ಬಗೆಗೆ ಎರಡು ವರ್ಷ ಕೂಡಿಸಿದ್ದ ಟಿಪ್ಪಣಿಗಳು, ತೀರಿಹೋದ ತಂದೆಯವರ ಧ್ವನಿಯಿದ್ದ ಒಂದು ಮುದ್ರಣ, ಎಲ್ಲವೂ ಹತ್ತು ನಿಮಿಷದಲ್ಲಿ ಇಲ್ಲವಾದವು. ಟಿಪ್ಪಣಿಗಳನ್ನು ಮತ್ತೆ ಬರೆದೆ. ಇನ್ನೊಂದನ್ನು ಎಲ್ಲಿಂದ ತರಲಿ? ತಪ್ಪು ಯಂತ್ರದ್ದಲ್ಲ, ನನ್ನದೇ. ಆದಕಾರಣ ವಾಚಕರಲ್ಲಿ ಕಳಕಳಿಯ ವಿನಂತಿ: ಮಕ್ಕಳ ಫೋಟೋ, ಮನೆಯ ಪತ್ರಗಳು, ಚಿತ್ರಗಳು ಎಲ್ಲವನ್ನೂ ಮೊದಲು ಬೇರೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ, ಅನಂತರವೇ ಮುಂದುವರಿಯಿರಿ. ತಟ್ಟೆ ಬಿಟ್‌ಲಾಕರ್‌ನಿಂದ ಬಂಧಿತವಾಗಿದ್ದರೆ ಅದರ ಮರುಪ್ರಾಪ್ತಿಯ ಕೀಲಿಯನ್ನೂ ಬರೆದಿಟ್ಟುಕೊಳ್ಳಿ. ಮಿಂಟಿನಲ್ಲಿ ಟೈಮ್‌ಶಿಫ್ಟ್ ಎಂಬ ರಕ್ಷಕನಿದ್ದಾನೆ, ನಿಜ. ಆದರೆ ಅವನು ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಕಡತಗಳನ್ನಲ್ಲ.

ಕನ್ನಡದ ಮಾತು

ಕನ್ನಡಿಗರ ಮನೆಯೆಂದ ಮೇಲೆ ಗಣಕ ಕನ್ನಡ ಬರೆಯದಿದ್ದರೆ ಹೇಗೆ? ಇದರಲ್ಲಿ ಚಿಂತೆಯಿಲ್ಲ. ಕೀಲಿಮಣೆಯ ಸಜ್ಜಿಕೆಯಲ್ಲಿ ಹುಡುಕಿದರೆ 'ಕನ್ನಡ, ಕಗಪ' ಎಂಬುದು ಹೊಸದಾಗಿ ಏನನ್ನೂ ತರದೆಯೇ ಸಿಗುತ್ತದೆ. ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವಂತೆ ರೂಪಿಸಿದ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳು ಅದರಲ್ಲಿ ತಡವರಿಸುವುದಿಲ್ಲ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಅಕ್ಷರಶೈಲಿಗಳಿವೆ. ಇಂಕ್‌ಸ್ಕೇಪಿನ ಭಿತ್ತಿಪತ್ರದಲ್ಲಿ ಒತ್ತಕ್ಷರಗಳು ಒಡೆಯದೆ ಮೂಡುತ್ತವೆ. ಯೂನಿಕೋಡಿಗೆ ಹಿಂದಿನ ಕಾಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳಿದ್ದರೆ ಮಾತ್ರ ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಮೇಲು.

ಶಾಲೆಗಳಲ್ಲಿ ಇಂಥ ವ್ಯವಸ್ಥೆ ಸಾಗುವುದೆ ಎಂದು ಸಂಶಯಪಡುವವರು ನೆರೆಯ ಕೇರಳದ ಕಡೆ ನೋಡಬಹುದು. ಅಲ್ಲಿಯ ಸರಕಾರಿ ಶಾಲೆಗಳ ಮಕ್ಕಳು ಗಣಕಪಾಠ ಕಲಿಯುತ್ತಿರುವುದು ಮುಕ್ತ ತಂತ್ರಾಂಶದಲ್ಲಿಯೆ.

ಸಂಕ್ರಾಂತಿಯ ಎಳ್ಳು

ಆ ಎರಡನೆಯ ದಿನದ ಸಂಜೆ ಲ್ಯಾಪ್‌ಟಾಪಿಗೆ ಮಿಂಟ್ ಬಂದಿತು. ಅದಕ್ಕೂ ಮೊದಲು ಮಗನನ್ನು ಕರೆದು ಕೂರಿಸಿಕೊಂಡು, ಅವನ ಒಪ್ಪಿಗೆಯಿಲ್ಲದೆ ಮುಂದುವರಿಯುವುದಿಲ್ಲವೆಂದು ಅಕ್ಕ ಹೇಳಿದಳು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಅಕ್ಕನ ಕಾಲೇಜಿನ ಹಣದ ವಿಷಯ ಅವನಿಗೂ ಗೊತ್ತಿತ್ತು. ಕೊನೆಗೆ, "ಭಾನುವಾರ ಗೆಳೆಯನ ಮನೇಲಿ ಆಡ್ತೀನಿ, ಬೇಡ ಅನ್ನಬಾರದು" ಎಂದು ಷರತ್ತು ಹಾಕಿದ. ಭಾವನವರು ಒಪ್ಪಿದರು.

2026ರ ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಅಕ್ಕ ಮೂರು ತಿಂಗಳ ವರದಿಯನ್ನೂ ತಂದಿದ್ದಳು. ಭಾವನವರಿಗೆ ಮೊದಲ ವಾರ ಪ್ರಿಂಟರು ಸತಾಯಿಸಿತಂತೆ, ಈಗ ಸರಿಹೋಗಿದೆ. ಫ್ಯಾನಿನ ಗೊರಗೊರ ಸದ್ದನ್ನು ಅಡಾಸಿಟಿಗೆ ಒಮ್ಮೆ ಕೇಳಿಸಿ ಗುರುತು ಹಿಡಿಸಿದರೆ ಅದು ದೇವರನಾಮದಿಂದ ಆ ಸದ್ದನ್ನು ಸೋಸಿ ತೆಗೆಯುವುದನ್ನು ಅಕ್ಕ ತಾನೇ ಕಲಿತಿದ್ದಾಳೆ. ಹುಡುಗ '0 ಎ.ಡಿ.' ಎಂಬ ಮುಕ್ತ ಆಟವನ್ನು ಹಿಡಿದಿದ್ದಾನೆ. ಅದರಲ್ಲಿ ರೋಮನರು, ಪರ್ಷಿಯನರ ಜತೆಗೆ ನಮ್ಮ ಮೌರ್ಯರೂ ಇದ್ದಾರೆ. ಆನೆಗಳ ಸೈನ್ಯ ಕಟ್ಟಿ ಚರಿತ್ರೆಯ ಪ್ರಶ್ನೆಗಳನ್ನು ತಂದೆಗೆ ಕೇಳುತ್ತಾನಂತೆ. ಹಾಗೆಂದು 'ವ್ಯಾಲರಂಟ್' ಮರೆತಿಲ್ಲ. ಭಾನುವಾರ ಹತ್ತಕ್ಕೆ ಮನೆ ಬಿಟ್ಟರೆ ಊಟಕ್ಕೇ ಬರುವುದು.

ಮಗಳ ಹಣಕ್ಕೆ ಯಾರೂ ಕೈಹಾಕಲಿಲ್ಲ. ಅವಳು ಕ್ರೀಟಾದಲ್ಲಿ ಬರೆದ ಚಿತ್ರವೊಂದರ ಮುದ್ರಿತ ಪ್ರತಿಯನ್ನು ಅಕ್ಕ ಎಳ್ಳಿನ ಪೊಟ್ಟಣದ ಜತೆಗೆ ನನ್ನ ಕೈಯಲ್ಲಿಟ್ಟಳು. ಮಣೆಯ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕತ್ತರಿ, ಸುತ್ತಿಗೆ, ಪುಸ್ತಕ. ಮುಚ್ಚಳದ ಮೇಲೆ ಕುಂಕುಮ, ಒಂದು ಸೇವಂತಿಗೆ. ಅಕ್ಕ ಹೇಳಿದಳು: "ಆ ಕುಂಕುಮ ಇನ್ನೂ ಒರೆಸಿಲ್ಲ ಕಣೋ. ಬರೋ ಆಯುಧಪೂಜೆಗೆ ಅದರ ಮೇಲೇ ಇಡ್ತೀನಿ."